ಹೆಡ್‌ಸೆಟ್ ಕೆಳಗಿಡುವ ಮುನ್ನ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳ ಟೆಕ್ನಿಕಲ್ ಸಪೋರ್ಟ್ ವಿಭಾಗದಲ್ಲಿ ದುಡಿಯುವವರವು. ಬಿಡಬೇಕು ಅನ್ನಿಸಿದೆ, ಬಿಟ್ಟು ಏನು ಮಾಡುವುದು ಎಂದು ತಿಳಿಯುತ್ತಿಲ್ಲ. ಹೆಸರುಗಳನ್ನು ಕೈಬಿಟ್ಟು, ಪ್ರಶ್ನೆಗಳ ತಿರುಳನ್ನು ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಆರು ವರ್ಷದಿಂದ ಸಪೋರ್ಟ್‌ನಲ್ಲಿದ್ದೇನೆ. ರೇಟಿಂಗ್ ಚೆನ್ನಾಗಿದೆ, ಮ್ಯಾನೇಜರ್ ಕೂಡ ಕೆಟ್ಟವರಲ್ಲ. ಆದರೂ ರಜೆ ಮುಗಿಯುವ ಸಂಜೆಯೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ದೋಷ ನನ್ನದೋ, ಕೆಲಸದ್ದೋ? ಬಿಟ್ಟುಬಿಡಲೇ?

ಮೊದಲು ಕೆಲಸದ ಲೆಕ್ಕ ನೋಡೋಣ. ನಿಮ್ಮ ದಣಿವಿನ ಒಂದು ದೊಡ್ಡ ಪಾಲು ಅಲ್ಲೇ ಅಡಗಿದೆ.

ಕರೆಗಳ ಸರದಿಗೆ ಎಷ್ಟು ಜನ ಬೇಕು ಎಂಬ ಗಣಿತವನ್ನು ಶುರು ಮಾಡಿದವರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಅರ್ಲಾಂಗ್. ಅವರ ಮೊದಲ ಲೇಖನ ಬಂದದ್ದು 1909ರಲ್ಲಿ. ಇಂದಿಗೂ ಸಪೋರ್ಟ್ ಕೇಂದ್ರಗಳಲ್ಲಿ ಪಾಳಿಗೆ ಎಷ್ಟು ಜನ ಎಂದು ತೀರ್ಮಾನಿಸುವುದು ಅದೇ ಲೆಕ್ಕದ ಮೇಲೆ. ಅರ್ಧ ಗಂಟೆಗೆ 100 ಕರೆ ಬರುತ್ತವೆ, ಒಂದೊಂದಕ್ಕೆ ಸರಾಸರಿ 6 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 600 ನಿಮಿಷದ ಕೆಲಸ. ಅರ್ಧ ಗಂಟೆಯಲ್ಲಿ ಅದನ್ನು ಮುಗಿಸಲು ಕನಿಷ್ಠ 20 ಜನ ಎಡೆಬಿಡದೆ ಮಾತಾಡುತ್ತಿರಬೇಕು. 25 ಜನರನ್ನು ಕೂರಿಸಿದರೆ ಒಂದು ಕರೆಗೂ ಮುಂದಿನ ಕರೆಗೂ ನಡುವೆ ಸರಾಸರಿ 90 ಸೆಕೆಂಡ್ ಬಿಡುವು ಸಿಗುತ್ತದೆ. 22 ಜನರನ್ನಷ್ಟೇ ಕೂರಿಸಿದರೆ 36 ಸೆಕೆಂಡ್. ಈಗ ಹೊಸ ಅಪ್‌ಡೇಟ್ ಒಂದು ಬಂದು, ಗೊಂದಲ ಹೆಚ್ಚಾಗಿ, ಕರೆಯ ಅವಧಿ 6ರಿಂದ ಆರೂವರೆ ನಿಮಿಷಕ್ಕೆ ಏರಿತು ಅನ್ನಿ. ಅದೇ 22 ಜನರಿಗೆ ಉಳಿಯುವ ಬಿಡುವು ಸುಮಾರು 6 ಸೆಕೆಂಡ್.

ಅರ್ಧ ನಿಮಿಷದ ಏರಿಕೆ ಮ್ಯಾನೇಜರರ ವರದಿಯಲ್ಲಿ ಸಣ್ಣ ಅಂಕಿ. ಕುರ್ಚಿಯಲ್ಲಿ ಕೂತವರಿಗೆ ಅದು ನೀರು ಕುಡಿಯಲು, ಹಿಂದಿನ ಗ್ರಾಹಕರ ಕೂಗನ್ನು ಕಿವಿಯಿಂದ ಇಳಿಸಿಕೊಳ್ಳಲು, ಟಿಕೆಟ್‌ನಲ್ಲಿ (ಒಂದೊಂದು ದೂರಿಗೂ ತೆರೆಯುವ ದಾಖಲೆ) ಎರಡು ಸಾಲು ಟಿಪ್ಪಣಿ ಬರೆಯಲು ಇದ್ದ ಇಡೀ ಸಮಯ. ಒಬ್ಬರು ರಜೆ ಹಾಕಿದರೂ ಹೀಗೇ ಆಗುತ್ತದೆ. ಮ್ಯಾನೇಜರ್ ಒಳ್ಳೆಯವರಿದ್ದು, ರೇಟಿಂಗೂ ಚೆನ್ನಾಗಿದ್ದು, ಜೀವ ಮಾತ್ರ ಹಿಂಡಿದಂತಾಗುವುದು ಈ ಕಾರಣಕ್ಕೆ. ಇದರಲ್ಲಿ ನಿಮ್ಮ ದೋಷ ಇಲ್ಲ.

ಇನ್ನೊಂದು ಪಾಲು ಬೇರೆ ಬಗೆಯದು. ನಮ್ಮ ವೃತ್ತಿಯಲ್ಲಿ 'ಇನ್ಸಿಡೆಂಟ್' ಬೇರೆ, 'ಪ್ರಾಬ್ಲಮ್' ಬೇರೆ. ಕೆಟ್ಟುನಿಂತ ಸೇವೆಯನ್ನು ಬೇಗ ಮತ್ತೆ ನಡೆಯುವಂತೆ ಮಾಡುವುದು ಮೊದಲನೆಯದು. ಅದು ಯಾಕೆ ಕೆಟ್ಟಿತು ಎಂದು ಬೇರು ಹುಡುಕುವುದು ಎರಡನೆಯದು. ಸಪೋರ್ಟ್‌ನವರ ಪಾಲಿಗೆ ಬರುವುದು ಬಹುತೇಕ ಮೊದಲನೆಯದೇ. ಒಂದೇ ದೋಷಕ್ಕೆ ಇನ್ನೂರನೇ ಸಲ ಅದೇ ತಾತ್ಕಾಲಿಕ ಉಪಾಯ ಹೇಳಿಕೊಡುವವರಿಗೆ, ಬೇರು ಎಲ್ಲಿದೆ ಎಂದು ಗೊತ್ತಿದ್ದೂ ಅದನ್ನು ಮುಟ್ಟುವ ಅಧಿಕಾರ ಇರುವುದಿಲ್ಲ. ಕೈ ಕೆಲಸ ಮಾಡುತ್ತದೆ, ಮನಸ್ಸು ಅದರಿಂದ ದೂರ ಸರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ 'ಬರ್ನ್‌ಔಟ್'ಗೆ ಮೂರು ಗುರುತು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ತುಂಬಿಕೊಳ್ಳುವುದು, ಮಾಡಿದ್ದು ಪರಿಣಾಮಕಾರಿಯಲ್ಲ ಅನ್ನಿಸುವುದು. ಅದನ್ನು ಕಾಯಿಲೆಯೆಂದು ಕರೆಯದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದೇ ಸೇರಿಸಿದೆ. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಬಡಿತ ಏರುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ರಾಜೀನಾಮೆ ಪತ್ರವನ್ನು ಪಕ್ಕಕ್ಕಿಟ್ಟು ಮೊದಲು ವೈದ್ಯರ ಬಳಿ ಹೋಗಿ. ಇದನ್ನು ಮುಂದೂಡಬೇಡಿ.

ಬಿಡಬೇಕೋ ಬೇಡವೋ ಎಂಬುದಕ್ಕೆ ಎರಡು ವಾರದ ಒಂದು ಪಟ್ಟಿ ಸಾಕು. ಪಾಳಿ ಮುಗಿದ ಮೇಲೆ ಐದು ನಿಮಿಷ ಕೂತು, ಆ ದಿನ ಅತಿ ಹೆಚ್ಚು ಹಿಂಡಿದ ಮೂರು ಗಳಿಗೆ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಕಾರಣ: ಗಡಿಯಾರ, ಗ್ರಾಹಕರ ಸಿಟ್ಟು, ಮತ್ತೆ ಮತ್ತೆ ಬರುವ ದೋಷ, ರಾತ್ರಿ ಪಾಳಿ, ಮೇಲಿನವರು. ಹತ್ತು ಕೆಲಸದ ದಿನಕ್ಕೆ 30 ಗುರುತು ಆಗುತ್ತವೆ. 'ರಾತ್ರಿ ಪಾಳಿ' ಮುಂದಿದ್ದರೆ ವೃತ್ತಿ ಬದಲಿಸುವ ಮೊದಲು ಪಾಳಿ ಬದಲಿಸಲು ನೋಡಿ. 'ಗಡಿಯಾರ' ಮುಂದಿದ್ದರೆ ಫೋನ್ ಸರದಿಯಿಲ್ಲದ, ಕೆಲವೇ ಗ್ರಾಹಕರನ್ನು ಆಳವಾಗಿ ನೋಡಿಕೊಳ್ಳುವ ಸಪೋರ್ಟ್ ತಂಡ ಹಿಡಿಸಬಹುದು. 'ಮತ್ತೆ ಮತ್ತೆ ಬರುವ ದೋಷ' ಮುಂದಿದ್ದರೆ ನೀವು ಸರಿಪಡಿಸುವ ಕಡೆಗೆ ಹೋಗಬೇಕಾದವರು: ಸರ್ವರ್‌ಗಳನ್ನು ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್, ಟೆಸ್ಟಿಂಗ್, ನೆಟ್‌ವರ್ಕ್. 'ಗ್ರಾಹಕರ ಸಿಟ್ಟು' ಎಂಬುದೇ ಅರ್ಧಕ್ಕಿಂತ ಹೆಚ್ಚಾಗಿದ್ದರೆ ಜನರೊಡನೆ ದಿನವಿಡೀ ಮಾತಾಡುವ ಯಾವ ಕೆಲಸಕ್ಕೂ ಸದ್ಯ ಹೋಗಬೇಡಿ, ಸಂಬಳ ಎಷ್ಟೇ ಇರಲಿ. ಈ ಪಟ್ಟಿ ಮಾಡದೆ ಬಿಟ್ಟವರು ಆರು ತಿಂಗಳೊಳಗೆ ಇನ್ನೊಂದು ಕಂಪನಿಯ ಅದೇ ಸರದಿಯಲ್ಲಿ ಕೂತಿರುವುದು ಈ ವೃತ್ತಿಯಲ್ಲಿ ತೀರಾ ಸಾಮಾನ್ಯ.

ಪ್ರಶ್ನೆ: ಕೈಯಲ್ಲಿ ಎಷ್ಟು ಹಣ ಇದ್ದರೆ ಬಿಡಬಹುದು?

ಹಣವನ್ನು ತಿಂಗಳಿನಲ್ಲಿ ಎಣಿಸಿ. ಕಳೆದ 12 ತಿಂಗಳ ಬ್ಯಾಂಕ್ ವಿವರ ತೆಗೆದು, ತಪ್ಪಿಸಲಾಗದ ಖರ್ಚನ್ನೆಲ್ಲ ಕೂಡಿ 12ರಿಂದ ಭಾಗಿಸಿ. ಒಂದು ತಿಂಗಳ ಖರ್ಚನ್ನಷ್ಟೇ ನೋಡಿದರೆ ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ಶುಲ್ಕ, ರಿಪೇರಿ ಎಲ್ಲವೂ ಲೆಕ್ಕದಿಂದ ಜಾರಿಹೋಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನೊಂದು ಉದ್ಯೋಗಕ್ಕೇ ಹೋಗುವುದಾದರೆ 6 ತಿಂಗಳ ಅಗತ್ಯ, ಸ್ವಂತ ಕೆಲಸ ಶುರು ಮಾಡುವುದಾದರೆ 12 ತಿಂಗಳದ್ದು ಕೈಯಲ್ಲಿರಬೇಕು ಎಂಬುದು ನಮ್ಮ ಅಂದಾಜು. ಹೊಸ ಕೆಲಸ ಸಿಕ್ಕ ದಿನವೇ ಹಣ ಬರುವುದಿಲ್ಲ, ಸಂಬಳದವರಿಗೂ ಮೊದಲ ಹಣ ಬರಲು ಹೆಚ್ಚುಕಮ್ಮಿ ಒಂದು ತಿಂಗಳು ಬೇಕು. ಸ್ವಂತ ಕೆಲಸದಲ್ಲಿ ಬಿಲ್ ಕೊಟ್ಟು 30 ಅಥವಾ 45 ದಿನ ಕಾಯಬೇಕಾದೀತು.

ಬಿಡುವ ಮೂರು ತಿಂಗಳ ಮೊದಲೇ ಒಂದು ಪರೀಕ್ಷೆ ಮಾಡಿ. ಹೊಸ ಹಾದಿಯಲ್ಲಿ ಮೊದಲ ವರ್ಷ ಬರಬಹುದಾದ ಆದಾಯದಲ್ಲೇ ಮನೆ ನಡೆಸಿ, ಉಳಿದ ಸಂಬಳವನ್ನು ಬೇರೆ ಖಾತೆಗೆ ಹಾಕಿ. ಎರಡನೇ ತಿಂಗಳಲ್ಲೇ ಆ ಖಾತೆಗೆ ಕೈ ಹಾಕುವಂತಾದರೆ ಲೆಕ್ಕ ತಪ್ಪಿದೆ ಎಂದು ಕೆಲಸದಲ್ಲಿರುವಾಗಲೇ ಗೊತ್ತಾಗುತ್ತದೆ. ಉಳಿತಾಯದ ಜೊತೆಗೆ ಮನೆಯವರೂ ಈ ಪರೀಕ್ಷೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಆಮೇಲೆ ಯಾರಿಗೂ ಏನೂ ದಿಢೀರ್ ಅನ್ನಿಸುವುದಿಲ್ಲ.

ರಾಜೀನಾಮೆಯ ದಿನಾಂಕ ಗೊತ್ತುಮಾಡುವ ಮೊದಲು ನೇಮಕಾತಿ ಪತ್ರವನ್ನು ಮತ್ತೊಮ್ಮೆ ಪೂರ್ತಿ ಓದಿ. ನೋಟಿಸ್ ಅವಧಿ ಎಷ್ಟು, ತರಬೇತಿಯ ಖರ್ಚು ವಾಪಸ್ ಕೊಡಬೇಕೆಂಬ ಷರತ್ತು ಇದೆಯೇ, ಬೋನಸ್ ಸಿಗಲು ಯಾವ ದಿನಾಂಕದವರೆಗೆ ಕೆಲಸದಲ್ಲಿರಬೇಕು, ಉಳಿದ ರಜೆಗೆ ಹಣ ಕೊಡುತ್ತಾರೆಯೇ, ಕಂಪನಿಯ ಆರೋಗ್ಯ ವಿಮೆ ಯಾವ ದಿನ ನಿಲ್ಲುತ್ತದೆ. ಕೊನೆಯದನ್ನು ಗಟ್ಟಿಯಾಗಿ ಹೇಳುತ್ತಿದ್ದೇವೆ: ಸ್ವಂತ ವಿಮೆ ಹಿಂದಿನದು ನಿಲ್ಲುವ ಮೊದಲೇ ಶುರುವಾಗಿರಲಿ, ಒಂದು ದಿನದ ಅಂತರವೂ ಬೇಡ.

ಪ್ರಶ್ನೆ: ಎಂಟು ವರ್ಷ ಫೋನ್ ಎತ್ತಿದ್ದೇ ಬಂತು. ರೆಸ್ಯೂಮೆಯಲ್ಲಿ ಬರೆಯಲು 'ಟಿಕೆಟ್ ಪರಿಹರಿಸಿದೆ' ಎಂಬುದರ ಹೊರತು ಏನೂ ಇಲ್ಲ. ನನಗೆ ಯಾವ ಕೆಲಸ ಕೊಡುತ್ತಾರೆ?

ಎಂಟು ವರ್ಷ ಟಿಕೆಟ್ ನೋಡಿದವರ ತಲೆಯಲ್ಲಿರುವ ತಿಳಿವಳಿಕೆ ಪಠ್ಯಕ್ರಮಗಳಲ್ಲಿ ಸಿಗುವುದಿಲ್ಲ. ತೊಂದರೆ ಏನೆಂದರೆ ಅದು ಟಿಕೆಟ್ ವ್ಯವಸ್ಥೆಯೊಳಗೆ ಹೂತುಹೋಗಿರುತ್ತದೆ, ಕೊನೆಯ ದಿನ ಲಾಗಿನ್ ಮುಚ್ಚಿದ ಕೂಡಲೇ ಕೈತಪ್ಪುತ್ತದೆ. ಆದ್ದರಿಂದ ಬಿಡುವ ಮೊದಲೇ ಅದನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಬೇಕು.

ನೆನಪಿನಿಂದ 20 ದೋಷ ಆರಿಸಿ. ಒಂದೊಂದಕ್ಕೆ ನಾಲ್ಕೇ ಸಾಲು: ಗ್ರಾಹಕರು ಏನೆಂದರು, ಮೊದಲು ಏನನ್ನು ಪರೀಕ್ಷಿಸಿದಿರಿ, ನಿಜವಾದ ಕಾರಣ ಏನಿತ್ತು, ಮರುಕಳಿಸದಂತೆ ಏನು ಮಾಡಿದಿರಿ. ಗ್ರಾಹಕರ ಹೆಸರು, ಐಪಿ ವಿಳಾಸ, ಸ್ಕ್ರೀನ್‌ಶಾಟ್, ಕಂಪನಿಯ ಒಳಗಿನ ದಾಖಲೆ ಯಾವುದೂ ಅದರಲ್ಲಿ ಬರಕೂಡದು.

ಒಂದನ್ನು ಬಿಡಿಸಿ ನೋಡೋಣ. ವಿಪಿಎನ್ ಅಂದರೆ ಮನೆಯಿಂದ ಆಫೀಸಿನ ಜಾಲಕ್ಕೆ ಹೋಗುವ ಸುರಂಗದಂಥ ಸುರಕ್ಷಿತ ಸಂಪರ್ಕ. ದೂರು: 'ಮನೆಯಿಂದ ವಿಪಿಎನ್ ಹಾಕಿದರೆ ಲಾಗಿನ್ ಆಗುತ್ತದೆ, ಚಿಕ್ಕ ಪುಟಗಳು ತೆರೆಯುತ್ತವೆ, ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತದೆ.' ಹೊಸಬರು ಇದನ್ನು 'ನಿಧಾನ ಇಂಟರ್ನೆಟ್' ಎಂದು ಬರೆದು ಮುಚ್ಚುತ್ತಾರೆ. ಅನುಭವಿಗೆ ಚಿಕ್ಕದು ಹೋಗಿ ದೊಡ್ಡದು ನಿಲ್ಲುವುದೇ ಸುಳಿವು. ಈಥರ್ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್ (ಒಂದು ಸಲಕ್ಕೆ ಹೋಗುವ ಮಾಹಿತಿಯ ತುಂಡು) ಸಾಮಾನ್ಯವಾಗಿ 1500 ಬೈಟ್ ತನಕ ಇರಬಹುದು. ವಿಪಿಎನ್ ತನ್ನ ಹೊದಿಕೆಯನ್ನೂ ಸೇರಿಸುವುದರಿಂದ ಒಳಗಿನ ಮಾಹಿತಿಗೆ ಉಳಿಯುವ ಜಾಗ ಅದಕ್ಕಿಂತ ಕಡಿಮೆ. 'ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಕಳಿಸು' ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ನಡುವಿನ ಫೈರ್‌ವಾಲ್ (ಜಾಲದ ಕಾವಲು) ತಡೆದರೆ ಕಳಿಸುವ ಯಂತ್ರಕ್ಕೆ ಸುದ್ದಿಯೇ ತಲುಪುವುದಿಲ್ಲ, ಅದೇ ಅಳತೆಯ ಪ್ಯಾಕೆಟ್ ಮತ್ತೆ ಮತ್ತೆ ಕಳೆದುಹೋಗುತ್ತದೆ. ಪರೀಕ್ಷೆ ಸುಲಭ: ತುಂಡಾಗಬಾರದು ಎಂಬ ಸೂಚನೆಯೊಂದಿಗೆ ವಿಪಿಎನ್ ಮೂಲಕವೇ 1472 ಬೈಟಿನ ಪಿಂಗ್ (ತಲುಪಿತೇ ಎಂದು ನೋಡುವ ಪರೀಕ್ಷಾ ಸಂದೇಶ) ಕಳಿಸಿ. 28 ಬೈಟ್ ಹೆಡರ್ ಸೇರಿ ಅದು 1500 ಆಗುತ್ತದೆ. ಹೋಗದಿದ್ದರೆ ಹತ್ತು ಹತ್ತು ಇಳಿಸುತ್ತ ಬನ್ನಿ. ಹಾದುಹೋದ ಅತಿ ದೊಡ್ಡ ಅಳತೆಗೆ 28 ಸೇರಿಸಿದರೆ ಆ ದಾರಿಯ ಎಂಟಿಯು (ದಾಟಬಲ್ಲ ಅತಿ ದೊಡ್ಡ ಪ್ಯಾಕೆಟ್ ಅಳತೆ) ಸುಮಾರಾಗಿ ಸಿಕ್ಕಿತು. ವಿಪಿಎನ್ ಸಂಪರ್ಕದಲ್ಲಿ ಅಷ್ಟಕ್ಕೆ ಇಳಿಸಿದರೆ ದೊಡ್ಡ ಫೈಲ್‌ಗಳೂ ದಾಟುತ್ತವೆ.

ಈ ಒಂದು ಟಿಕೆಟ್‌ನಲ್ಲಿ ನೆಟ್‌ವರ್ಕ್ ಜ್ಞಾನ ಇದೆ. ಅಳತೆ ಬದಲಿಸಿ ನೋಡುವ ಟೆಸ್ಟಿಂಗ್ ಶಿಸ್ತು ಇದೆ. ತಿಳಿಯಾಗಿ ವಿವರಿಸಿ ಬರೆದಿದ್ದರೆ ಟೆಕ್ನಿಕಲ್ ರೈಟಿಂಗ್ ಮಾದರಿಯೂ ಅದೇ. ಸಂದರ್ಶನದಲ್ಲಿ 'ಟ್ರಬಲ್‌ಶೂಟಿಂಗ್ ಬಲ್ಲೆ' ಎಂಬ ಮಾತಿಗೆ ಇಲ್ಲದ ತೂಕ ಇದಕ್ಕಿದೆ.

20 ಬರೆದ ಮೇಲೆ ಅವು ಯಾವ ಕಡೆ ವಾಲುತ್ತಿವೆ ಎಂದು ಎಣಿಸಿ. ಹತ್ತು ನೆಟ್‌ವರ್ಕ್‌ನವಾದರೆ ದಾರಿ ಅದು. ಲಾಗ್ (ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆ) ಓದಿ ಪ್ರೋಗ್ರಾಮಿನ ತಪ್ಪು ಹಿಡಿದವು ಹೆಚ್ಚಿದ್ದರೆ ಟೆಸ್ಟಿಂಗ್. ಡೇಟಾಬೇಸ್‌ನಲ್ಲಿ ಹುಡುಕಿದವು ಹೆಚ್ಚಿದ್ದರೆ ಡೇಟಾಬೇಸ್‌ನಲ್ಲಿ ಹುಡುಕುವ ಭಾಷೆಯಾದ ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಂಡು ಡೇಟಾ ಕಡೆಗೆ. ನೀವು ಬರೆದ ಸೂಚನಾ ಪುಟವನ್ನೇ ಇಡೀ ತಂಡ ಬಳಸುತ್ತಿದ್ದರೆ ಟೆಕ್ನಿಕಲ್ ರೈಟಿಂಗ್ ಅಥವಾ ತರಬೇತಿ. ಒಂದನ್ನೇ ಆರಿಸಿ. ವಾರಕ್ಕೆ 8 ಗಂಟೆಯಂತೆ 4ರಿಂದ 6 ತಿಂಗಳು ಕೊಟ್ಟರೆ ಒಂದು ಹಾದಿಯಲ್ಲಿ ಸಂದರ್ಶನಕ್ಕೆ ನಿಲ್ಲಬಹುದು. ಕ್ಲೌಡ್, ಸೆಕ್ಯುರಿಟಿ, ಪ್ರೋಗ್ರಾಮಿಂಗ್ ಮೂರನ್ನೂ ಒಟ್ಟಿಗೆ ಹಿಡಿದರೆ ಆರು ತಿಂಗಳ ಮೇಲೆ ಕೈಯಲ್ಲಿರುವುದು ಅರ್ಧ ನೋಡಿದ ವೀಡಿಯೊಗಳು ಮಾತ್ರ.

ಪ್ರಶ್ನೆ: ಸಿಸ್ಟಂ ಅಡ್ಮಿನ್ ಆಗಬೇಕೆಂದಿದ್ದೇನೆ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆದರೆ ಸಾಕೇ?

ಪ್ರಮಾಣಪತ್ರ ರೆಸ್ಯೂಮೆಯನ್ನು ಮೊದಲ ಜರಡಿ ದಾಟಿಸುತ್ತದೆ. ಒಂದು ಇರಲಿ, ಎರಡನೆಯದಕ್ಕೆ ಹಣ ಸುರಿಯುವ ಮೊದಲು ಮನೆಯಲ್ಲಿ ಪ್ರಯೋಗಶಾಲೆ ಕಟ್ಟಿ. 16 ಜಿಬಿ ಮೆಮೊರಿ, ಎಸ್‌ಎಸ್‌ಡಿ ಇರುವ ಹಳೆಯ ಕಂಪ್ಯೂಟರ್ ಸಾಕು. ಅದರಲ್ಲಿ ಮೂರು ವರ್ಚುವಲ್ ಯಂತ್ರ (ಒಂದೇ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಬೇರೆ ಕಂಪ್ಯೂಟರ್‌ಗಳು): ಬಳಕೆದಾರರ ಡೈರೆಕ್ಟರಿ ಮತ್ತು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಒಂದು, ವೆಬ್ ಸರ್ವರ್‌ಗೆ ಒಂದು, ಸಾಮಾನ್ಯ ಬಳಕೆದಾರನಂತೆ ವರ್ತಿಸಲು ಒಂದು.

ಎಲ್ಲವೂ ನಡೆಯತೊಡಗಿದ ಮೇಲೆ ಒಂದೊಂದನ್ನೇ ಬೇಕೆಂದೇ ಕೆಡಿಸಿ. ಕಲಿಕೆ ಇರುವುದು ಅಲ್ಲಿ. ಬಳಕೆದಾರನ ಯಂತ್ರದ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿ ಲಾಗಿನ್ ಮಾಡಿ ನೋಡಿ. ಲಾಗಿನ್ ಗುರುತು ಪರೀಕ್ಷಿಸುವ ಕೆರ್ಬೆರಾಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಬಾಗಿಲು ತೆರೆಯದಿರಬಹುದು. ವೆಬ್ ಸರ್ವರ್‌ನ ಗುರುತು ಸಾರುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿಯಲು ಬಿಡಿ. ಡಿಎನ್‌ಎಸ್‌ನಲ್ಲಿ ತಪ್ಪು ವಿಳಾಸ ಹಾಕಿ, ಸರಿಪಡಿಸಿದ ಮೇಲೂ ಹಳೆಯ ವಿಳಾಸವೇ ಯಾಕೆ ಬರುತ್ತಿದೆ ಎಂದು ಹುಡುಕಿ. ಉತ್ತರ ಕ್ಯಾಶ್ (ಕೇಳಿದ ವಿಳಾಸವನ್ನು ನೆನಪಿಟ್ಟುಕೊಳ್ಳುವ ಜಾಗ) ಮತ್ತು ಟಿಟಿಎಲ್‌ನಲ್ಲಿದೆ (ಆ ನೆನಪು ಎಷ್ಟು ಹೊತ್ತು ಉಳಿಯಬೇಕೆಂಬ ಗಡುವು).

ಲಿನಕ್ಸ್ ಸರ್ವರ್‌ನಲ್ಲಿ ದೊಡ್ಡ ಲಾಗ್ ಫೈಲ್ ಬೆಳೆಸಿ, ಅದನ್ನು ಬರೆಯುತ್ತಿರುವ ಪ್ರೋಗ್ರಾಂ ನಡೆಯುತ್ತಿರುವಾಗಲೇ ಫೈಲ್ ಅಳಿಸಿ. ಡಿಸ್ಕ್ ತುಂಬಿದೆ ಎಂದು ಒಂದು ಆದೇಶ ಹೇಳುತ್ತದೆ, ಫೋಲ್ಡರ್‌ಗಳನ್ನು ಕೂಡಿ ನೋಡಿದರೆ ಅಷ್ಟು ದೊಡ್ಡ ಫೈಲ್ ಎಲ್ಲೂ ಕಾಣದು. ಪ್ರೋಗ್ರಾಂ ಅದನ್ನು ಇನ್ನೂ ತೆರೆದಿಟ್ಟುಕೊಂಡಿರುವುದೇ ಕಾರಣ. ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಜಾಗ ಮರಳಿ ಬರುತ್ತದೆ. ಸರ್ವರ್ ನೋಡಿಕೊಂಡವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ತೊಡಕು ಇದು, ಸಂದರ್ಶನದಲ್ಲೂ ಕೇಳುತ್ತಾರೆ.

ಕೊನೆಗೆ ಒಂದು ಯಂತ್ರದ ಬ್ಯಾಕಪ್ ತೆಗೆದು, ಆ ಯಂತ್ರವನ್ನೇ ಅಳಿಸಿ, ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಿ. ಎಷ್ಟು ಹೊತ್ತು ಹಿಡಿಯಿತು, ಏನು ಕಳೆಯಿತು ಎಂದು ಬರೆದಿಡಿ. ಮರಳಿ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. ಜೊತೆಗೆ ದಿನವೂ ಕೈಯಿಂದ ಮಾಡುತ್ತಿದ್ದ ಒಂದು ಕೆಲಸಕ್ಕೆ ಸ್ಕ್ರಿಪ್ಟ್ ಬರೆಯಿರಿ. ಮೊದಲ ಸ್ಕ್ರಿಪ್ಟ್ 30 ಸಾಲು ದಾಟುವುದು ಬೇಡ, ತಪ್ಪಾದಾಗ ಎಲ್ಲಿ ನಿಂತಿತು ಎಂದು ಅದೇ ಹೇಳುವಂತಿದ್ದರೆ ಸಾಕು.

ಪ್ರಶ್ನೆ: ಕಂಪನಿ ಬೇಡವೇ ಬೇಡ. ಚಿಕ್ಕ ಕಚೇರಿಗಳಿಗೆ ಸ್ವಂತವಾಗಿ ಕಂಪ್ಯೂಟರ್ ಸೇವೆ ಕೊಡಬೇಕೆಂದಿದ್ದೇನೆ. ಏನು ಎಚ್ಚರ ವಹಿಸಲಿ?

ಕೆಲಸ ನಿಮಗೆ ಬರುತ್ತದೆ, ಎಡವುವುದು ದರ ಮತ್ತು ಸಮಯದಲ್ಲಿ. ಹಳೆಯ ಸಂಬಳವನ್ನು ತಿಂಗಳ ಗಂಟೆಗಳಿಂದ ಭಾಗಿಸಿ ಅದನ್ನೇ ದರ ಎಂದುಕೊಂಡರೆ ಕೈಗೆ ಬರುವುದು ಅರ್ಧ. 8 ಗಂಟೆಯ ದಿನದಲ್ಲಿ ಬಿಲ್ ಹಾಕಬಹುದಾದದ್ದು 4 ಅಥವಾ 5 ಗಂಟೆ. ಉಳಿದದ್ದು ಓಡಾಟ, ಬಿಡಿಭಾಗ ತರುವುದು, ಬಿಲ್ ಬರೆಯುವುದು, ಬಾಕಿ ಕೇಳುವುದರಲ್ಲಿ ಹೋಗುತ್ತದೆ. ತೆರಿಗೆ, ವಿಮೆ, ಕಾಯಿಲೆ ಬಿದ್ದ ದಿನ ಎಲ್ಲವನ್ನೂ ಆ 4 ಗಂಟೆಗಳೇ ಹೊರಬೇಕು.

ಕೆಟ್ಟಾಗ ಕರೆಯುವ ಗ್ರಾಹಕರಿಗಿಂತ ತಿಂಗಳಿಗಿಷ್ಟು ಎಂದು ಒಪ್ಪಂದ ಮಾಡಿಕೊಳ್ಳುವವರು ಲೇಸು. ಒಪ್ಪಂದ ಒಂದೇ ಪುಟ ಇರಲಿ: ಎಷ್ಟು ಯಂತ್ರ, ತಿಂಗಳಿಗೆ ಎಷ್ಟು ಗಂಟೆ, ಯಾವ ಹೊತ್ತಿನೊಳಗೆ ಕರೆ, ಅದು ಮೀರಿದರೆ ಏನು ದರ, ಬಿಡಿಭಾಗದ ಖರ್ಚು ಯಾರದು. ಕರೆಯ ಹೊತ್ತನ್ನು ಬರೆಯದಿದ್ದರೆ ನೀವು ಬಿಟ್ಟುಬಂದ ಸರದಿಯೇ ನಿಮ್ಮ ಜೇಬಿನ ಫೋನಿಗೆ ಬರುತ್ತದೆ, ಅದಕ್ಕೆ ಪಾಳಿ ಮುಗಿಯುವ ಹೊತ್ತೂ ಇರುವುದಿಲ್ಲ. ಕೆಲಸಕ್ಕೆಂದೇ ಬೇರೆ ನಂಬರ್ ಇಟ್ಟುಕೊಳ್ಳಿ. ಒಬ್ಬ ಗ್ರಾಹಕರಿಂದ ಬರುವ ಹಣ ಒಟ್ಟು ಆದಾಯದ ಮೂರನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ, ಅವರು ಬಿಟ್ಟ ದಿನ ನಿಮ್ಮ ಅಡಿಪಾಯ ಅಲುಗಬಾರದು.

ಚೀಲದಲ್ಲಿ ಇರಬೇಕಾದವು: ಆಪರೇಟಿಂಗ್ ಸಿಸ್ಟಂ ಇರುವ ಎರಡು ಯುಎಸ್‌ಬಿ, 1 ಟಿಬಿಯ ಖಾಲಿ ಹೊರ ಡಿಸ್ಕ್, ಒಂದು ಹೆಚ್ಚುವರಿ ಎಸ್‌ಎಸ್‌ಡಿ, ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್, ಸ್ಕ್ರೂಡ್ರೈವರ್ ಸೆಟ್, ನೆಟ್‌ವರ್ಕ್ ಕೇಬಲ್‌ಗೆ ತುದಿ ಕೂರಿಸುವ ಆರ್‌ಜೆ45 ಕ್ರಿಂಪಿಂಗ್ ಉಪಕರಣ ಮತ್ತು ಹತ್ತಿಪ್ಪತ್ತು ತುದಿಗಳು, ಕೇಬಲ್ ಟೆಸ್ಟರ್, ಮಲ್ಟಿಮೀಟರ್, ಥರ್ಮಲ್ ಪೇಸ್ಟ್, ಮಣಿಕಟ್ಟಿನ ಸ್ಥಾಯೀವಿದ್ಯುತ್ ಪಟ್ಟಿ. ಪವರ್ ಸಪ್ಲೈ ಮೇಲೆ ಅನುಮಾನ ಬಂದರೆ ಊಹೆ ಬೇಡ, ಅಳೆಯಿರಿ: 12 ವೋಲ್ಟಿನ ತಂತಿಯಲ್ಲಿ 11.4ರಿಂದ 12.6, 5 ವೋಲ್ಟಿನದರಲ್ಲಿ 4.75ರಿಂದ 5.25ರ ಒಳಗಿರಬೇಕು. ಸಪ್ಲೈ ಡಬ್ಬಿಯನ್ನು ಮಾತ್ರ ತೆರೆಯಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಫೋನ್ ಸಪೋರ್ಟ್‌ನಿಂದ ಬಂದವರು ಮಾಡುವ ಒಂದು ದೊಡ್ಡ ತಪ್ಪಿದೆ. ಕಟಕಟ ಸದ್ದು ಮಾಡುತ್ತಿರುವ, ಓದಲು ತಡವರಿಸುತ್ತಿರುವ ಹಾರ್ಡ್ ಡಿಸ್ಕ್ ಮೇಲೆ ಅಭ್ಯಾಸಬಲದಿಂದ ಡಿಸ್ಕ್ ರಿಪೇರಿ ಪ್ರೋಗ್ರಾಂ ಓಡಿಸುವುದು. ಅದು ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ, ಮೇಲಾಗಿ ಅದರ ಮೇಲೇ ಬರೆಯುತ್ತದೆ. ಸರಿಯಾದ ಕ್ರಮ ಬೇರೆ: ಕೂಡಲೇ ನಿಲ್ಲಿಸಿ, ಡಿಸ್ಕ್ ಕಳಚಿ, ಬೇರೆ ಯಂತ್ರದಲ್ಲಿ ಅದರ ಪೂರ್ತಿ ಪ್ರತಿ ತೆಗೆಯಿರಿ. ಸುಲಭವಾಗಿ ಓದಬಲ್ಲ ಭಾಗವನ್ನು ಮೊದಲು, ಕೆಟ್ಟ ಭಾಗವನ್ನು ಕೊನೆಗೆ ಓದುವ ಡಿಡಿರೆಸ್ಕ್ಯೂನಂಥ ಪ್ರೋಗ್ರಾಂ ಇದಕ್ಕೇ ಇದೆ. ರಿಪೇರಿ ಏನಿದ್ದರೂ ಪ್ರತಿಯ ಮೇಲೆ. ಸದ್ದು ಜೋರಾಗಿದ್ದು ಮಾಹಿತಿ ಅಮೂಲ್ಯವಾಗಿದ್ದರೆ ಇದನ್ನೂ ಮಾಡದೆ, ಧೂಳುರಹಿತ ಕೋಣೆಯಿರುವ ತಜ್ಞರ ಬಳಿ ಕಳಿಸಿ ಎಂದು ಹೇಳಿಬಿಡಿ. ಒಂದು ಬಿಲ್ ಹೋದೀತು, ಗ್ರಾಹಕರ ವರ್ಷಗಟ್ಟಲೆಯ ಲೆಕ್ಕಪತ್ರ ಉಳಿಯುತ್ತದೆ.

ಪ್ರಶ್ನೆ: ರಾಜೀನಾಮೆ ಕೊಟ್ಟ ಮೇಲೆ ಕೊನೆಯ ವಾರಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು?

ಪತ್ರದಲ್ಲಿ ಮೂರು ವಾಕ್ಯ ಸಾಕು: ಬಿಡುತ್ತಿದ್ದೇನೆ, ಕೊನೆಯ ದಿನ ಇದು, ಕೆಲಸ ಒಪ್ಪಿಸಿಕೊಡುತ್ತೇನೆ. ಕಾರಣ ಬರೆಯುವ ಅಗತ್ಯ ಇಲ್ಲ. ಮೊದಲು ಮ್ಯಾನೇಜರಿಗೆ ಬಾಯಲ್ಲಿ ಹೇಳಿ, ಅದೇ ದಿನ ಇಮೇಲ್ ಕಳಿಸಿ, ತಲುಪಿದ್ದಕ್ಕೆ ಲಿಖಿತ ಉತ್ತರ ಪಡೆಯಿರಿ. ನೋಟಿಸ್ ಅವಧಿಯ ಎಣಿಕೆ ಆ ದಿನಾಂಕದಿಂದ.

ಒಪ್ಪಿಸಿಕೊಡುವಾಗ ಎಲ್ಲರೂ ತೆರೆದ ಟಿಕೆಟ್‌ಗಳನ್ನು ನೆನೆಯುತ್ತಾರೆ, ಕಾಣದೆ ನಡೆಯುತ್ತಿರುವುದನ್ನು ಮರೆಯುತ್ತಾರೆ. ನಿಮ್ಮ ಲಾಗಿನ್ ಹೆಸರಿನಲ್ಲಿ ರಾತ್ರಿ ಓಡುವ ಸ್ಕ್ರಿಪ್ಟ್ ಅಥವಾ ವರದಿ ಇದ್ದರೆ, ಖಾತೆ ಮುಚ್ಚಿದ ದಿನ ಅದೂ ನಿಲ್ಲುತ್ತದೆ. ತಂಡದ ಅಡ್ಮಿನ್ ಖಾತೆಯ ಎರಡನೇ ಹಂತದ ಕೋಡ್ ನಿಮ್ಮ ಸ್ವಂತ ಫೋನಿಗೆ ಬರುತ್ತಿದ್ದರೆ ಅದನ್ನು ಬೇರೆಯವರಿಗೆ ವರ್ಗಾಯಿಸಿ. ಉಳಿದ ಗೆಳೆಯರು ಮಧ್ಯರಾತ್ರಿ ಪರದಾಡಬಾರದು. ಹಾಗೆಯೇ ಕಂಪನಿ ಇಮೇಲಿನಲ್ಲಿ ನೋಂದಾಯಿಸಿದ ನಿಮ್ಮ ಸ್ವಂತ ಖಾತೆಗಳು, ಪ್ರಮಾಣಪತ್ರದ ಪುಟಗಳು ಇದ್ದರೆ ವಿಳಾಸ ಬದಲಿಸಿಕೊಳ್ಳಿ. ಸಂಬಳ ಚೀಟಿ, ತೆರಿಗೆ ದಾಖಲೆ, ಮೌಲ್ಯಮಾಪನದಂಥ ನಿಮ್ಮದೇ ಕಾಗದಗಳನ್ನು ನಿಯಮದ ಪ್ರಕಾರ ಪಡೆದುಕೊಳ್ಳಿ. ತಂಡದ ಸೂಚನಾ ಪುಟ, ಗ್ರಾಹಕರ ಪಟ್ಟಿ, ಲಾಗ್ ಯಾವುದನ್ನೂ ಸ್ವಂತ ಇಮೇಲಿಗೆ ಕಳಿಸಿಕೊಳ್ಳಬೇಡಿ, ನೀವೇ ಬರೆದದ್ದಾದರೂ ಸರಿ. ರಾಜೀನಾಮೆ ಕೊಟ್ಟವರ ಖಾತೆಯ ಮೇಲೆ ಅನೇಕ ಕಂಪನಿಗಳು ಹೆಚ್ಚು ಕಣ್ಣಿಡುತ್ತವೆ, ಅನುಭವ ಪತ್ರ ಅದರಿಂದಲೇ ತಡೆಹಿಡಿದುಹೋದೀತು.

ಪ್ರಶ್ನೆ: ವಯಸ್ಸು 41. ಸಂದರ್ಶನದಲ್ಲಿ 'ಯಾಕೆ ಬಿಟ್ಟಿರಿ' ಎಂದು ಕೇಳಿದರೆ?

ಹಳೆಯ ಕಂಪನಿಯನ್ನು ದೂರದೆ, ಸುಳ್ಳೂ ಹೇಳದೆ, ಎರಡು ವಾಕ್ಯದಲ್ಲಿ ಮುಗಿಸಿ: 'ಸೇವೆಯನ್ನು ಬೇಗ ಮತ್ತೆ ನಡೆಯುವಂತೆ ಮಾಡುವ ಕೆಲಸದಲ್ಲಿ ಇಷ್ಟು ವರ್ಷ ಇದ್ದೆ. ಈಗ ಅದು ಕೆಡದಂತೆ ನೋಡಿಕೊಳ್ಳುವ ಕಡೆ ಬರಬೇಕೆಂದಿದ್ದೇನೆ, ಅದಕ್ಕೆ ಈ ಆರು ತಿಂಗಳಲ್ಲಿ ಇಷ್ಟನ್ನು ಮಾಡಿದ್ದೇನೆ.' ತಕ್ಷಣ ನಿಮ್ಮ 20 ದೋಷಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ಮಾತು ವಯಸ್ಸಿನಿಂದ ಕೆಲಸಕ್ಕೆ ಹೊರಳುತ್ತದೆ. ಹುದ್ದೆ ಒಂದು ಮೆಟ್ಟಿಲು ಕೆಳಗಿರಬಹುದು. ಒಪ್ಪುವ ಮೊದಲು ಕರೆ ಸರದಿ ಇದೆಯೇ, ರಾತ್ರಿ ಆನ್‌ಕಾಲ್ (ಕರೆ ಬಂದರೆ ಎದ್ದು ನೋಡಬೇಕಾದ ಸರದಿ) ಎಷ್ಟು ವಾರಕ್ಕೊಮ್ಮೆ, ದೋಷದ ಬೇರು ಹುಡುಕಲು ವಾರದಲ್ಲಿ ಎಷ್ಟು ಸಮಯ ಕೊಡುತ್ತಾರೆ ಎಂದು ನೀವೂ ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಅಲ್ಲೂ ಟಿಕೆಟ್ ಸರದಿಯೇ ಇದೆ ಎಂದು ತಿಳಿಯಿರಿ.

ಪ್ರಶ್ನೆ: ಕೆಲಸ ಬಿಟ್ಟು ಎರಡು ವಾರ ಆಯಿತು. ಇನ್ನೂ ಬೆಳಗಿನ ಜಾವದವರೆಗೆ ಎಚ್ಚರ, ಫೋನ್ ರಿಂಗಾದಂತೆ ಭ್ರಮೆ.

ರಾತ್ರಿ ಪಾಳಿಯಲ್ಲಿದ್ದ ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ. ಮಲಗುವ ಹೊತ್ತಿಗೆ ಹಟ ಹಿಡಿಯದೆ ಏಳುವ ಹೊತ್ತನ್ನು ಗೊತ್ತುಮಾಡಿ, ರಜೆಯ ದಿನವೂ ಅದನ್ನೇ ಪಾಲಿಸಿ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ. ಹಗಲು ನಿದ್ದೆ 20 ನಿಮಿಷ ಮೀರದಿರಲಿ. ಫೋನಿನ ರಿಂಗ್ ಸದ್ದನ್ನು ಬದಲಿಸಿ, ಆಫೀಸಿನ ಹಳೆಯ ಸದ್ದು ಮನೆಯಲ್ಲಿ ಕೇಳುವುದೇ ಬೇಡ.

ಫೋನ್ ರಿಂಗಾದ ಭ್ರಮೆ ಬೇರೆ, ಕಿವಿಯೊಳಗೆ ಗುಂಯ್‌ಗುಡುವುದು ಬೇರೆ. ವರ್ಷಗಟ್ಟಲೆ ಹೆಡ್‌ಸೆಟ್ ಹಾಕಿ, ಗದ್ದಲದ ನಡುವೆ ಸದ್ದು ಏರಿಸಿಕೊಂಡವರಿಗೆ ಎರಡನೆಯದೂ ಇರಬಹುದು. ನಿಶ್ಶಬ್ದ ಕೋಣೆಯಲ್ಲೂ ಸದ್ದು ನಿಲ್ಲದಿದ್ದರೆ, ಒಂದು ಕಿವಿ ಮಂದವಾಗಿದೆ ಅನ್ನಿಸಿದರೆ ಕಿವಿಯ ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ. ಕಿವಿ ಒಮ್ಮೆಲೇ ಕೇಳಿಸದಂತಾದರಂತೂ ಅದೇ ದಿನ ಹೋಗಿ, ಅದಕ್ಕೆ ಚಿಕಿತ್ಸೆ ತಡವಾದಷ್ಟೂ ಗುಣ ಕಡಿಮೆ.